ಆಪರೇಷನ್ ಎಂಬ ಒಂದು ಮಾತು

ಡಾಕ್ಟರು ‘ಯಾವ ಆಪರೇಷನ್?’ ಎಂದು ಕೇಳಿದ್ದರೋ ಇಲ್ಲವೋ, ನನಗೆ ಖಚಿತವಿಲ್ಲ. ಹತ್ತು ವರ್ಷದ ಹಿಂದಿನ ಮಾತು. ನನ್ನ ನೆನಪನ್ನೇ ನಾನು ಪೂರ್ತಿ ನಂಬುವುದಿಲ್ಲ. ಮುಟ್ಟು ನಿಂತ ಮೇಲೆ ಮೈಯುರಿ, ನಿದ್ದೆಯಿಲ್ಲ ಎನ್ನುತ್ತಿದ್ದ ದೊಡ್ಡಮ್ಮನನ್ನು ಹುಲ್ಲಹಳ್ಳಿಯಿಂದ ನಂಜನಗೂಡಿನ ಕ್ಲಿನಿಕ್ಕಿಗೆ ನಾನೇ ಕರೆದೊಯ್ದಿದ್ದೆ.

“ಆಪರೇಷನ್ ಆಗಿದೆಯೇನಮ್ಮಾ?”

“ಊಂ ಸಾ, ಆಗಿ ಇಪ್ಪತ್ ವರ್ಸ ಆಯ್ತು.”

ನಮ್ಮ ಕಡೆ ಹೆಂಗಸರ ಬಾಯಲ್ಲಿ ಆಪರೇಷನ್ ಎಂದರೆ ಮಕ್ಕಳು ಸಾಕೆಂದು ಮಾಡಿಸಿಕೊಳ್ಳುವುದು, ಅಷ್ಟೇ. ಇಷ್ಟೂ ಗೊತ್ತಿಲ್ಲದವರು ಇಲ್ಲಿ ಬೋರ್ಡು ಹಾಕಿಕೊಂಡು ಯಾಕೆ ಕೂರಬೇಕು? ಎಂ.ಎಸ್ಸಿ. ಓದಿದ ನಾನೂ ಸಂಕೋಚದಿಂದ ಗೋಡೆ ನೋಡುತ್ತ ಕೂತಿದ್ದೆ. ಅವರು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು.

ಎರಡು ವರ್ಷ ನುಂಗಿದ ಮೇಲೆ ರಕ್ತ ಕಾಣಿಸಿಕೊಂಡಿತು. “ವಯಸ್ಸು ವಾಪಸ್ ಬಂದದೆ ಕಣವ್ವ” ಎಂದು ದೊಡ್ಡಮ್ಮ ನನ್ನ ಹೆಂಡತಿಯೆದುರು ನಕ್ಕಳಂತೆ. ಮೈಸೂರಿಗೆ ಹೋಗುವಷ್ಟರಲ್ಲಿ ಗರ್ಭಕೋಶದ ಕ್ಯಾನ್ಸರ್ ಹರಡಿತ್ತು. ಗರ್ಭಕೋಶ ಇರುವವರಿಗೆ ಆ ಹಾರ್ಮೋನ್ ಒಂದನ್ನೇ ಕೊಡಬಾರದು, ಜೊತೆಗೆ ಇನ್ನೊಂದು ಮಾತ್ರೆ ಬೇಕೇ ಬೇಕು ಎಂದರು ಅಲ್ಲಿನ ಡಾಕ್ಟರು.

ದೊಡ್ಡಮ್ಮ ತೀರಿಕೊಂಡ ಮೇಲೆ ನಂಜನಗೂಡಿನ ಹಳೆಯ ಚೀಟಿ ಹುಡುಕಿ ತೆಗೆದೆ. ಮಾತ್ರೆ ಒಂದೇ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಗರ್ಭಕೋಶ ತೆಗೆದಿದೆ’ ಎಂದು ಬರೆದಿತ್ತು.