ರಜೆಗೆ ಕಾದ ಹೊಳೆ

ಕಳೆದ ವರ್ಷ ನವೆಂಬರಿನ ಮೊದಲ ಭಾನುವಾರ, ಸಂಜೆ ನಾಲ್ಕು ಗಂಟೆಗೆ, ನಾನು ದುಬೈಯ ಅಲ್ ಕುಸೈಸಿನ ಒಂದು ಫ್ಲ್ಯಾಟಿನ ಹಾಲಿನಲ್ಲಿ, ನೀರಿನ ಕ್ಯಾನು ಕೂರಿಸಿದ ಡಿಸ್ಪೆನ್ಸರಿಗೆ ಎಡಭುಜ ತಾಗಿಸಿ ನಿಂತಿದ್ದೆ. ಕುರ್ಚಿ ಉಳಿದಿರಲಿಲ್ಲ. ಡಿಸ್ಪೆನ್ಸರಿನ ನಲ್ಲಿ ತೊಟ್ಟಿಕ್ಕುತ್ತಿತ್ತು; ಕೆಳಗಿನ ತಟ್ಟೆ ತುಂಬಿ ನನ್ನ ಕಾಲುಚೀಲ ಒದ್ದೆಯಾಗುವವರೆಗೂ ನಾನು ಕೈ ಚಾಚಿ ಅದನ್ನು ಬಿಗಿ ಮಾಡಲಿಲ್ಲ. ಜಲರಕ್ಷಣೆಗೆಂದೇ ಹುಟ್ಟಿದ ಸಮಿತಿಯೊಂದರ ಕಾರ್ಯದರ್ಶಿಯ ಬಗ್ಗೆ ಇಷ್ಟು ತಿಳಿದರೆ ಸಾಕೆಂದು ನೀವು ಪುಟ ಮಗುಚಬಹುದು. ಸಾಲದು, ಅದಕ್ಕೇ ಬರೆಯುತ್ತಿದ್ದೇನೆ.

ಸಮಿತಿಯೆಂದರೆ, ಊರಿನ ಒಂದು ಚಿಕ್ಕ ಹೊಳೆಯ ಎರಡು ದಡಗಳಿಂದ ಬಂದು ದುಬೈ, ಅಬುಧಾಬಿಗಳಲ್ಲಿ ಚದುರಿಹೋದ ನಾವು ಕೆಲವರು. ಹೊಳೆ ಕಡಲು ಸೇರುವುದಕ್ಕೆ ತುಸು ಮೊದಲು ಅಲ್ಲೊಂದು ಕಿಂಡಿ ಅಣೆಕಟ್ಟು ಇದೆ. ಮಳೆ ನಿಂತು ಹರಿವು ಇಳಿದಾಗ ಅದರ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ತುಳಿಯಬೇಕು. ಆಗ ಸಿಹಿನೀರು ಮೇಲೆ ನಿಲ್ಲುತ್ತದೆ, ಉಬ್ಬರದ ಉಪ್ಪುನೀರು ಕೆಳಗೇ ಉಳಿಯುತ್ತದೆ, ದಡದ ಬಾವಿಗಳು ಬೇಸಿಗೆ ದಾಟುತ್ತವೆ. ಮನೆಗೊಬ್ಬರಂತೆ ಎರಡೂ ದಡದವರು ಸೇರಿ ಒಂದೇ ದಿನದಲ್ಲಿ ಇದನ್ನು ಮುಗಿಸುತ್ತಿದ್ದರು. ದಿನ ಹೇಳುತ್ತಿದ್ದವರು ಸಂಕಪ್ಪಣ್ಣ. ಪಂಚಾಂಗ ನೋಡಿ ಅಲ್ಲ, ಹೊಳೆಗಿಳಿದು ನೀರು ತಮ್ಮ ಮೊಣಕಾಲಿಗೆ ಇಳಿದಿದೆಯೇ ಎಂದು ನೋಡಿ. ಮಧ್ಯಾಹ್ನದ ಗಂಜಿ ಲಿಲ್ಲಿ ಬಾಯಿಯ ಮನೆಯದು. ಅಣೆಕಟ್ಟಿಗೆ ತೀರ ಹತ್ತಿರದ ಬಾವಿ ಅವರದು; ಸುತ್ತಲಿನ ಏಳು ಮನೆಗಳು ಅದರಿಂದಲೇ ಕುಡಿಯುತ್ತವೆ.

ಹಳೆಯ ಮರದ ಹಲಗೆಗಳು ಕೊಳೆತು ಕುಂಬಾಗಿದ್ದರಿಂದ ನಾವು ಆ ವರ್ಷ ಫೈಬರ್ ಹಲಗೆ ಕೊಡಿಸಿದೆವು. ಒಳ್ಳೆಯ ಕೆಲಸವೇ, ಅದನ್ನು ಈಗಲೂ ಹೇಳುತ್ತೇನೆ. ಹಳೆಯವು ಒಲೆಗೆ ಹೋದವು. ಹೊಸವು ಊರಲ್ಲೇ, ನಮ್ಮ ಅಧ್ಯಕ್ಷ ಜಗನ್ನಾಥಣ್ಣನ ತಮ್ಮನ ಗೋಡೌನಿಗೆ ಹೋದವು, ಬೀಗದೊಳಗೆ.

ಆ ಭಾನುವಾರ ಲಿಲ್ಲಿ ಬಾಯಿ ಹೊಳೆಯ ದಡದಿಂದ ವಿಡಿಯೋ ಕಾಲ್ ಮಾಡಿದ್ದರು. ನಮ್ಮ ಟಿವಿಯ ತುಂಬ ಅಲ್ಲಿಯ ಸಂಜೆ ಬೆಳಕು, ನೀರಿನ ನಡುವೆ ಲುಂಗಿ ಎತ್ತಿ ಕಟ್ಟಿದ ಸಂಕಪ್ಪಣ್ಣ.

“ಕಾಣ್ತದಾ? ಮೊಣಕಾಲಿಗೆ ಬಂದಾಯ್ತು,” ಎಂದರು ಅವರು. “ಹುಣ್ಣಿಮೆಯ ಉಬ್ಬರಕ್ಕೆ ಮೊದಲು ಹಲಗೆ ಹಾಕ್ಬೇಕು. ಬೀಗದ ಕೈ ಕೊಡ್ಲಿಕ್ಕೆ ತಮ್ಮನಿಗೆ ಹೇಳಿ.”

“ನನ್ನ ಲೀವು ಕ್ರಿಸ್‌ಮಸಿಗೆ, ಸಂಕಪ್ಪಣ್ಣ,” ಎಂದರು ಜಗನ್ನಾಥಣ್ಣ. “ಬ್ಯಾನರ್ ಪ್ರಿಂಟಾಗಿದೆ. ಉದ್ಘಾಟನೆ ಆಗದೆ ಹಾಕುವುದು ಹೇಗೆ?”

ಲಿಲ್ಲಿ ಬಾಯಿಯ ಮುಖ ತೆರೆಗೆ ಬಂತು. “ಹೊಳೆಗೆ ಯಾರ ಲೀವು ಮಾರಾಯ್ರೆ? ಬೇಕಾದ್ರೆ ನಿಮ್ಮ ಫೋಟೋ ಇಟ್ಟು ಮಾಲೆ ಹಾಕಿ ಉದ್ಘಾಟನೆ ಮಾಡ್ತೇವೆ!”

ಹಾಲಿಡೀ ನಕ್ಕಿತು. ನಗದವನು ವಸಂತ ಒಬ್ಬನೇ. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿರುವ ಪ್ಲಂಬರ್. “ಅಣ್ಣಾ, ನಮಗದು ಫಂಕ್ಷನ್. ಅವರಿಗೆ ಕುಡಿಯುವ ನೀರು,” ಎಂದ.

“ಒಂದೆರಡು ತಿಂಗಳಲ್ಲಿ ಹೊಳೆ ಎಲ್ಲಿಗೆ ಓಡಿಹೋಗ್ತದೆ ವಸಂತ? ಖಲಾಸ್, ಡಿಸೆಂಬರ್.”

ಕೈ ಎತ್ತಿಸಿದರು. ವಸಂತ ಎತ್ತಲಿಲ್ಲ, ನಾನು ಅದನ್ನು ನೋಡಿದೆ. ನಾನು ಎತ್ತಿದೆ. ಆಮೇಲೆ ಚಂದದ ಅಕ್ಷರದಲ್ಲಿ ನಡಾವಳಿ ಪುಸ್ತಕಕ್ಕೆ ‘ಸರ್ವಾನುಮತದಿಂದ’ ಎಂದು ಬರೆದೆ.

ಡಿಸೆಂಬರಿನಲ್ಲಿ ನಾನೂ ಊರಲ್ಲಿದ್ದೆ. ಚಪ್ಪರ, ಮೈಕು, ಶಾಲುಗಳು ಇದ್ದವು. ಒಂದು ಶಾಲು ನನ್ನ ಹೆಗಲಿಗೂ ಬಿತ್ತು, ಸೆಕೆಯಲ್ಲಿ ಅದು ಹೊದ್ದವನಿಗಿಂತ ಹೆಚ್ಚು ಬೆವರಿತು. ಹೊಳೆ ಆಗ ಪಾದ ಮುಳುಗುವಷ್ಟು ಮಾತ್ರ ಇತ್ತು. ಹಲಗೆ ಇಳಿಸಿ ಫೋಟೋ ಆದಮೇಲೆ ಸಂಕಪ್ಪಣ್ಣ ಅಣೆಕಟ್ಟಿನ ಮೇಲ್ಬದಿಯ ನೀರಿಗೆ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡರು. “ಉಪ್ಪು ಒಳಗೇ ಉಂಟು,” ಎಂದರು, ಅಷ್ಟೇ. ನಾವು ಕಾದ ದಿನಗಳಲ್ಲಿ ಉಬ್ಬರ ಅಣೆಕಟ್ಟು ದಾಟಿ ಬಂದಾಗಿತ್ತು. ಅದು ಹಿಂದಿರುಗದಂತೆ ನಾವು ಚಪ್ಪಾಳೆ ತಟ್ಟಿ ಬಾಗಿಲು ಹಾಕಿದ್ದೆವು.

ಫೆಬ್ರವರಿಯಲ್ಲಿ ಲಿಲ್ಲಿ ಬಾಯಿಯ ಬಾವಿ ಉಪ್ಪಾಯಿತು. ಏಳು ಮನೆಗಳವರು ಕೊಡ ಹಿಡಿದು ಟ್ಯಾಂಕರಿಗೆ ಕಾದರು. ಲಿಲ್ಲಿ ಬಾಯಿಯ ವಾಯ್ಸ್ ಮೆಸೇಜು ನನ್ನ ಫೋನಿನಲ್ಲಿ ಇನ್ನೂ ಇದೆ: “ಗಂಜಿಗೆ ಉಪ್ಪು ಹಾಕುವ ಕೆಲಸ ಉಳಿಯಿತು. ಅಧ್ಯಕ್ಷರಿಗೆ ಥ್ಯಾಂಕ್ಸ್ ಹೇಳಿ.”

ನಾನು ವಾಸಿಸುವ ಅಲ್ ನಹ್ದಾದಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಉಪ್ಪು ತೆಗೆದ ಕಡಲು. ಇಡೀ ನಗರಕ್ಕೆ ನಗರವೇ ಹಗಲುರಾತ್ರಿ ಯಂತ್ರ ಓಡಿಸಿ ಉಪ್ಪನ್ನು ಬೇರ್ಪಡಿಸುವಲ್ಲಿ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಹೋಗಿ ಕೂತು, ಯಂತ್ರವೇ ಬೇಕಿಲ್ಲದ ಒಂದು ಬಾವಿಗೆ ನಾವು ಉಪ್ಪು ಬಿಟ್ಟೆವು. ಅದೂ ಪ್ರೀತಿಯಿಂದ. ಈ ಪ್ರೀತಿಯ ಮೇಲೇ ನನಗೆ ಸಿಟ್ಟು. ತಾನು ವಿಮಾನ ಇಳಿಯುವವರೆಗೆ ಊರು ಬಾಯಾರಿಕೊಂಡಿರಲಿ ಎನ್ನುವ ಪ್ರೀತಿ ಅದು. ಅದರಲ್ಲಿ ನನ್ನದೂ ಒಂದು ಕೈ ಇತ್ತು, ಎತ್ತಿದ ಕೈ.

ಈ ಮಳೆಗಾಲದಲ್ಲಿ ಸಂಕಪ್ಪಣ್ಣ ತೀರಿಕೊಂಡರು. ವಾರ್ಷಿಕ ಸಂಚಿಕೆಗೆ ಬರೆಯಬೇಕಾದ ವರದಿಗೆ ಜಗನ್ನಾಥಣ್ಣ ಒಂದು ವಾಕ್ಯ ಕಳಿಸಿದರು: ಮಳೆ ಕಡಿಮೆಯಾದ ಕಾರಣ ಬಾವಿಗಳು ಉಪ್ಪಾದವು. ಆ ವರ್ಷ ಮಳೆ ಕಡಿಮೆಯಾಗಿರಲಿಲ್ಲ. ಕಳೆದ ಭಾನುವಾರ ಅದೇ ಹಾಲಿಗೆ ಎಲ್ಲರಿಗಿಂತ ಮೊದಲೇ ಹೋಗಿ ಡಿಸ್ಪೆನ್ಸರಿನ ನಲ್ಲಿಯನ್ನು ಬಿಗಿ ಮಾಡಿದೆ. ಕುರ್ಚಿಗಳೆಲ್ಲ ಖಾಲಿ ಇದ್ದವು, ನಿಂತೇ ಇದ್ದೆ. ಎಲ್ಲರೂ ಬಂದು ಕೂತಮೇಲೆ, ವರದಿಗೆ ಆ ವಾಕ್ಯ ಹಾಕುವುದಿಲ್ಲ ಎಂದೆ. ನಡಾವಳಿಯ ‘ಸರ್ವಾನುಮತದಿಂದ’ ಹೊಡೆದುಹಾಕಿ, ‘ವಸಂತ ಒಪ್ಪಲಿಲ್ಲ’ ಎಂದು ಬರೆದು ಸಹಿ ಮಾಡಿದೆ.

“ಬೀಗದ ಕೈ ಲಿಲ್ಲಿ ಬಾಯಿಗೆ ಕೊಡಿ ಅಣ್ಣಾ,” ಎಂದ ವಸಂತ. “ಇಲ್ಲದಿದ್ರೆ ಬೀಗ ಒಡೀಲಿಕ್ಕೆ ನಾನೇ ಟಿಕೆಟ್ ಮಾಡ್ತೇನೆ. ನನ್ನ ಲೀವು ಪಾಸಾಗಿದೆ.”

ಜಗನ್ನಾಥಣ್ಣ ನಮ್ಮೆದುರೇ ತಮ್ಮನಿಗೆ ಫೋನು ಮಾಡಿದರು. ಬೀಗದ ಕೈ ಈಗ ಲಿಲ್ಲಿ ಬಾಯಿಯ ಬಾವಿಕಟ್ಟೆಯ ಮೊಳೆಯಲ್ಲಿದೆ. ಸಂಕಪ್ಪಣ್ಣನ ಮೊಣಕಾಲಿನ ಎತ್ತರಕ್ಕೆ ಅಣೆಕಟ್ಟಿನ ಕಂಬದ ಮೇಲೆ ಲಿಲ್ಲಿ ಬಾಯಿಯೇ ಕೆಂಪು ಬಣ್ಣದ ಗೆರೆ ಎಳೆದಿದ್ದಾರೆ. ನೀರು ಗೆರೆಗಿಂತ ಇನ್ನೂ ಒಂದು ಗೇಣು ಮೇಲಿದೆ. ವರದಿಯನ್ನು ಮಾತ್ರ ಜಗನ್ನಾಥಣ್ಣ ಬೇರೆ ಯಾರಿಂದಲೋ ಬರೆಸುತ್ತಾರಂತೆ. ಅದರಲ್ಲಿ ಮಳೆಯ ಮೇಲೆ ತಪ್ಪು ಹೊರಿಸಿದ್ದು ಕಂಡರೆ, ಆ ಸಂಜೆ ಹೊಳೆ ಸಂಕಪ್ಪಣ್ಣನ ಮೊಣಕಾಲಿಗೆ ಬಂದದ್ದನ್ನು ಕಂಡವರು ಇನ್ನೂ ಬದುಕಿದ್ದೇವೆ, ಕೇಳಿ: ಮುಹೈಸ್ನಾದಲ್ಲಿ ವಸಂತ, ಬಾವಿಯ ಬಳಿ ಲಿಲ್ಲಿ ಬಾಯಿ, ಅಲ್ ನಹ್ದಾದಲ್ಲಿ ನಾನು, ಮತ್ತು ಟಿವಿಯ ಎದುರಿನ ಮೊದಲ ಕುರ್ಚಿಯಲ್ಲಿ ಕೂತು ಹಾಲಿನಲ್ಲಿದ್ದವರೆಲ್ಲರಿಗಿಂತ ಹತ್ತಿರದಿಂದ ನೋಡಿದ ಜಗನ್ನಾಥಣ್ಣ.