ನನ್ನ ರಕ್ತದ ವರದಿ

ನನ್ನ ಮೊದಲ ಹೆಂಡತಿಯ ಊರು ಮೂಗೂರು. ತೊಂಬತ್ತರ ದಶಕದ ಕೊನೆಗೆ ಮದುವೆಯಾದಾಗ ನಾನು ನಂಜನಗೂಡಿನಲ್ಲಿ ಗುಮಾಸ್ತನಾಗಿದ್ದೆ. ಐದು ವರ್ಷದಲ್ಲಿ ಅವಳಿಗೆ ನಾಲ್ಕು ಸಲ ಗರ್ಭ ನಿಂತು, ನಾಲ್ಕೂ ಸಲ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಅವ್ವ ಪರಂಗಿ ಹಣ್ಣು ಮುಟ್ಟಬೇಡ ಎಂದಳು, ಕೊಡ ಎತ್ತಬೇಡ ಎಂದಳು, ಕೊನೆಗೆ ಇವಳ ಗರ್ಭವೇ ಸರಿಯಿಲ್ಲ ಎಂದಳು. ಮೈಸೂರಿನ ಡಾಕ್ಟರು ಗಂಡನ ರಕ್ತವನ್ನೂ ನೋಡೋಣ ಎಂದಿದ್ದರು. ಗಟ್ಟಿಮುಟ್ಟಾಗಿರುವ ನನಗೇನು ಪರೀಕ್ಷೆ ಎಂದು ನಾನು ಹೋಗಲಿಲ್ಲ.

ಅವಳ ಅಣ್ಣಂದಿರನ್ನು ಕರೆಸಿ, ನಮ್ಮ ಕಡೆಯ ಹಿರಿಯರೆದುರು ಕೂರಿಸಿ, ವಿಚ್ಛೇದನಕ್ಕೆ ಒಪ್ಪಿಸಿದೆವು. ಅವಳು ಅಳಲಿಲ್ಲ. ಒಗೆದು ಹಾಕಿದ್ದ ನನ್ನ ಶರಟುಗಳನ್ನು ಮಡಿಸಿಟ್ಟು ಹೋದಳು.

ಆಮೇಲೆ ಇನ್ನೊಂದು ಮದುವೆಯಾದೆ. ಅವಳಿಗೂ ಎರಡು ಸಲ ಹಾಗೇ ಆಯಿತು. ಅವಳು ಶಾಲೆಯಲ್ಲಿ ಟೀಚರು, ಅಂದದ್ದನ್ನೆಲ್ಲ ಅನ್ನಿಸಿಕೊಂಡು ಕೂರುವವಳಲ್ಲ. ನನ್ನನ್ನೂ ಎಳೆದುಕೊಂಡು ಹೋಗಿ ಇಬ್ಬರ ರಕ್ತವನ್ನೂ ಕೊಡಿಸಿದಳು. ಅವಳದು ಸರಿಯಿತ್ತು.

ಡಾಕ್ಟರು ನನ್ನ ಕ್ರೋಮೊಸೋಮುಗಳ ಫೋಟೋ ತೋರಿಸಿದರು. ಒಂದೊಂದಕ್ಕೂ ಸೊಂಟದಂಥ ಜಾಗವಿರುತ್ತದೆ, ಅದು ಸೆಂಟ್ರೊಮಿಯರ್. ಅದರ ಆಸುಪಾಸು ಡಿಎನ್ಎಯ ಒಂದೇ ಬರಹ ಸಾವಿರಾರು ಸಲ ಮರುಕಳಿಸುತ್ತದೆ. ಬೇರೆಬೇರೆ ಎರಡು ಕ್ರೋಮೊಸೋಮುಗಳಲ್ಲಿ ಈ ಬರಹ ಒಂದೇ ಥರ ಇದ್ದಾಗ ಅವು ಒಮ್ಮೊಮ್ಮೆ ಅದಲುಬದಲಾಗಿ ಅಂಟಿಕೊಳ್ಳುತ್ತವೆ. ನನ್ನಲ್ಲಿ ಹದಿಮೂರನೆಯದೂ ಹದಿನಾಲ್ಕನೆಯದೂ ಹಾಗೆ ಅಂಟಿದ್ದವು. ನನಗೆ ಅದರಿಂದ ತೊಂದರೆಯಿಲ್ಲ. ಮಗುವಿಗೆ ಹೋಗುವಾಗ ಮಾತ್ರ ಕೆಲವು ಸಲ ಹೆಚ್ಚುಕಮ್ಮಿಯಾಗುತ್ತದೆ, ಅಂಥ ಗರ್ಭ ಉಳಿಯುವುದಿಲ್ಲ. ಸರಿಯಾಗಿ ಹೋದದ್ದು ಉಳಿಯುತ್ತದೆ, ಕಾಯಬೇಕಷ್ಟೇ ಎಂದರು. ಮೂಗೂರಿನವಳ ಜೊತೆ ನಾನು ಕಾಯಲಿಲ್ಲ.

ಅವ್ವನಿಗೆ ತಿಳಿಸಿದೆ. "ಇದ ಯಾರ್ಗೂ ಏಳ್ಬ್ಯಾಡ ಕಣಪ್ಪ," ಎಂದು ಒಳಗೆ ಹೋದಳು.

ಮೊದಲನೆಯವಳು ಆಗ ಮತ್ತೆ ಮದುವೆಯಾಗಿ ಹೆಮ್ಮಿಗೆಯಲ್ಲಿದ್ದಳು. ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು, ಪಕ್ಕದಲ್ಲಿ ಅವಳ ಪುಟ್ಟ ಮಗಳು. ನಿಂತೇ ಎಲ್ಲ ಹೇಳಿದೆ. ತಪ್ಪು ನಿನ್ನದಲ್ಲ, ನನ್ನದು ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

"ರಕ್ತದ್ದೇನೂ ನಿಮ್ ತಪ್ಪಲ್ಲ. ಡಾಕ್ಟ್ರು ಕರ್ದಾಗ ಓಗ್ನಿಲ್ವಲ್ಲ, ಅದು ನಿಮ್ದು. ಈಗ ನನ್ಗ್ಯಾಕ್ ಏಳ್ತೀರಿ? ನಮ್ಮಣ್ಣದೀರ್ನ ತಲೆ ತಗ್ಸಿ ಕೂರುಸ್ದೋರ್ಗೆ ಓಗಿ ಏಳಿ."

ನಾನು ಅವರ್ಯಾರ ಬಳಿಗೂ ಹೋಗಲಿಲ್ಲ. ಮುಂದಿನ ವರ್ಷ ನಮಗೆ ಮಗ ಹುಟ್ಟಿದ. ನಾಮಕರಣಕ್ಕೆ ಬಂದ ಆ ಹಿರಿಯರು, ಇದು ಈ ಸೊಸೆಯ ಕಾಲ್ಗುಣ, ಆಗ ಆ ತೀರ್ಮಾನ ಮಾಡಿದ್ದು ಒಳ್ಳೆಯದೇ ಆಯಿತು ಎಂದರು. ನಾನು ತಲೆಯಾಡಿಸಿ ಅವರ ಎಲೆಗೆ ಪಾಯಸ ಬಡಿಸಿದೆ.