ಬೆರಳಿಗೆ ಕಾಣುವ ಸೈನ್ಯ

ಅಪ್ಪನ ಅಕ್ಕ, ನನ್ನ ಸೋದರತ್ತೆ, ಹಲ್ಲು ಕಟ್ಟುವವಳು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ತೆಗೆದು ಕಳಿಸಿದ ಬಾಯಿಯ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ತಯಾರಿಸುವುದು ಅವಳ ಕೆಲಸ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಾದ ಮೇಣದ ವಾಸನೆ ತುಂಬಿದ ಉದ್ದನೆಯ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ಕೂತಿರುತ್ತಿದ್ದಳು. "ಈ ಊರಲ್ಲಿ ಅರ್ಧ ಜನ ನಾನು ಕೊಟ್ಟ ಹಲ್ಲಲ್ಲೇ ನನ್ನ ಮೇಲೆ ಹಲ್ಲು ಮಸೀತಾರೆ" ಎನ್ನುವುದು ಅವಳ ಹಳೆಯ ತಮಾಷೆ.

ಮಾವ ಬಸ್ ಡ್ರೈವರ್. ಸ್ಟೀರಿಂಗ್ ಬಿಟ್ಟರೆ ಅವರಿಗಿದ್ದ ಹುಚ್ಚು ಒಂದೇ, ಹಳೆಯ ಕಾಲದ ಯುದ್ಧಗಳು. ಭಾನುವಾರ ಬಂತೆಂದರೆ ಅವರ ಗೆಳೆಯ, ಗಡಿಯಾರ ರಿಪೇರಿಯವನು, ಮನೆಗೆ ಹಾಜರ್. ಇಬ್ಬರೂ ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಅದರಡಿ ಪುಸ್ತಕಗಳನ್ನು ತುರುಕಿ ಗುಡ್ಡಗಳನ್ನೆಬ್ಬಿಸಿ, ಎಂದೋ ಮುಗಿದುಹೋದ ಕದನವನ್ನು ಮತ್ತೆ ಹೂಡುತ್ತಿದ್ದರು. ದಂಡು ಒಂದು ಸರದಿಗೆ ಎಷ್ಟು ದೂರ ನಡೆಯಬಹುದೆಂದು ಟೇಪಿನಲ್ಲಿ ಅಳೆಯಬೇಕು. ಹೊಡೆತ ತಗುಲಿತೋ ಇಲ್ಲವೋ ಎಂದು ದಾಳ ಉರುಳಿಸಿ ನೋಡಬೇಕು. ಇತಿಹಾಸದಲ್ಲಿ ಸೋತವರು ಇಲ್ಲಿ ಗೆದ್ದರೂ ಗೆಲ್ಲಬಹುದು. ಆದರೆ ಸೈನಿಕರ ಜಾಗದಲ್ಲಿ ನಿಂತಿರುತ್ತಿದ್ದದ್ದು ಅಂಗಿಯ ಗುಂಡಿಗಳು.

"ಗುಂಡಿಗೆ ಇಲ್ಲದ ಗುಂಡಿಗಳನ್ನ ಇಟ್ಕೊಂಡು ಅದೇನು ಯುದ್ಧ ಮಾಡ್ತೀರೋ!" ಎಂದು ಅತ್ತೆ ಒಂದು ದಿನ ನಕ್ಕಳು. ಮರುದಿನ ಕೆಲಸದ ಜಾಗದಲ್ಲಿ ಉಳಿದ ಮೇಣದಿಂದ ಒಬ್ಬ ಈಟಿಗಾರನನ್ನು ಕೆತ್ತಿ ತಂದಳು. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ. ಹೆಗಲ ಮೇಲೆ ಗಂಟು, ಒಂದು ಕಡೆ ವಾಲಿದ ನಡಿಗೆ. ಮಾವ ಅವನನ್ನು ಅಂಗೈಯಲ್ಲಿಟ್ಟು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ "ಇವನಿಗೆ ಸುಸ್ತಾಗಿದೆ ಅಲ್ವಾ?" ಎಂದರು.

ಅಲ್ಲಿಂದ ಶುರುವಾಯಿತು. ನಮ್ಮೂರ ಹೊಳೆಯಲ್ಲೇ ಹಿಂದೊಮ್ಮೆ ಒಂದು ದಂಡು, ಬೆನ್ನಟ್ಟಿ ಬಂದ ಕುದುರೆ ಪಡೆಯಿಂದ ಪಾರಾಗಲು ಗುಂಪುಗುಂಪಾಗಿ ನೀರಿಗಿಳಿದು, ಹೆಚ್ಚುಕಡಿಮೆ ಪೂರ್ತಿ ಮುಳುಗಿಹೋಗಿತ್ತು. ಆ ಕದನವನ್ನೇ ಕಟ್ಟುವುದೆಂದು ಮೂವರೂ ಸೇರಿ ತೀರ್ಮಾನಿಸಿದರು. ಅತ್ತೆ ಮೇಣದ ಗೊಂಬೆಯಿಂದ ರಬ್ಬರಿನ ಅಚ್ಚು ತೆಗೆದು, ಅದಕ್ಕೆ ಕರಗಿದ ತವರ ಸುರಿಯುತ್ತಿದ್ದಳು. ಒಂದೇ ಅಚ್ಚಿನಿಂದ ಬಂದವರೆಂದು ಬಿಡುತ್ತಿರಲಿಲ್ಲ. ಒಬ್ಬನ ಕತ್ತು ತಿರುಗಿಸುವಳು, ಇನ್ನೊಬ್ಬನ ಮೊಣಕಾಲು ಬಗ್ಗಿಸುವಳು, ಸಣ್ಣ ಅರದಿಂದ ಮುಖವನ್ನೇ ಬೇರೆ ಮಾಡುವಳು. ನೂರಾರು ಬಾಯಿಗಳನ್ನು ಕಂಡ ಕೈ ಅದು. ದವಡೆ ಬಿಗಿದವನು, ಬೊಚ್ಚುಬಾಯಿಯವನು, ಉಬ್ಬುಹಲ್ಲಿನವನು, ಎಲ್ಲರೂ ಆ ದಂಡಿನಲ್ಲಿದ್ದರು.

ಬಣ್ಣ ಹಚ್ಚುವುದನ್ನು ನೋಡಲು ನಾನು ಹೋಗಿ ಕೂರುತ್ತಿದ್ದೆ. ಮೊದಲು ಮೈಯೆಲ್ಲ ಕಪ್ಪು. ಒಣಗಿದ ಮೇಲೆ ಗಾಢ ಬಣ್ಣ, ಅದರ ಮೇಲೆ ತಿಳಿ ಬಣ್ಣ. ಬಟ್ಟೆಯ ಮಡಿಕೆಗಳಲ್ಲಿ ಕಪ್ಪು ಹಾಗೇ ಉಳಿದು ನೆರಳಾಗುತ್ತಿತ್ತು. ಕಣ್ಣು ಬರೆಯುವಾಗ ಅತ್ತೆ ಉಸಿರು ಬಿಗಿಹಿಡಿಯುವಳು. ನಾಲ್ಕೈದು ಕೂದಲಿನ ಕುಂಚ ಒಮ್ಮೆ ತಾಗಿದರೆ ಸಾಕು, ತವರದ ತುಂಡು ನಮ್ಮತ್ತ ನೋಡತೊಡಗುತ್ತಿತ್ತು.

ಗಡಿಯಾರದವನು ಕಣ್ಣಿಗೆ ತನ್ನ ಭೂತಗನ್ನಡಿ ಸಿಕ್ಕಿಸಿಕೊಂಡು ತಪ್ಪು ಹುಡುಕುವನು. "ಅಕ್ಕಾ, ಆ ಕಾಲದಲ್ಲಿ ಇಂಥ ನೀಲಿ ಇರ್ಲಿಲ್ಲ."

"ನೀನೇನು ಹೋಗಿ ನೋಡ್ಕೊಂಡು ಬಂದ್ಯಾ?" ಎಂದು ಅತ್ತೆ ರೇಗಿದಳು. ಮುಂದಿನ ಭಾನುವಾರ ನೋಡಿದರೆ ಆ ತುಕಡಿ ಪೂರ್ತಿ ಕಂದು ಬಣ್ಣದ ಅಂಗಿ ತೊಟ್ಟು ನಿಂತಿತ್ತು.

ಹೀಗಿರುವಾಗ ಮಾವ ಒಂದು ಆಟದಲ್ಲಿ ಎದುರಾಳಿಯ ಕುದುರೆಗಳನ್ನು ತಮ್ಮವೆಂದು ಮುಂದೆ ಸರಿಸಿದರು. ಎಲ್ಲರೂ ನಕ್ಕೆವು. ಇನ್ನೊಂದು ದಿನ ಬಸ್ ನಿಲ್ಲಿಸುವಾಗ ಪಕ್ಕದಲ್ಲಿದ್ದ ಸೈಕಲ್ಲು ಅವರಿಗೆ ಕಾಣಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಮಾವ ಅವತ್ತೇ ಡಿಪೋಗೆ ಹೋಗಿ ಕೀಲಿ ಕೊಟ್ಟು ಬಂದರು. ಕಣ್ಣಿನ ನರ ಸೊರಗಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ನಿಲ್ಲುವುದು ಕಷ್ಟ ಎಂದರು ಡಾಕ್ಟರು. ವರ್ಷ ತಿರುಗುವುದರೊಳಗೆ ಅವರಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುವಂತಾಯಿತು.

ಮಾವ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದರು. ಗಡಿಯಾರದವನು ಬಂದರೂ ಸುಮ್ಮನೆ ರೇಡಿಯೋ ಕೇಳುತ್ತಾ ಕೂರುವರು. "ಸೈನ್ಯನ ಯಾರಿಗಾದ್ರೂ ಕೊಟ್ಬಿಡು ಮಾರಾಯ್ತಿ" ಎಂದು ಒಮ್ಮೆ ಅಂದರು.

ಅತ್ತೆಗೆ ಉಪಾಯ ಹೊಳೆದದ್ದು ಕೆಲಸದ ಮೇಜಿನಲ್ಲಿ. ಹಲ್ಲಿನ ಅಂಚು ನುಣುಪಾಗಿದೆಯೇ ಎಂದು ನೋಡಲು ಅವಳು ಯಾವಾಗಲೂ ಕಣ್ಣು ಮುಚ್ಚಿಕೊಂಡು ಬೆರಳಾಡಿಸುತ್ತಿದ್ದಳು. ಕಣ್ಣು ತೆರೆದಿದ್ದರೆ ಬೆರಳಿಗೆ ಸೋಮಾರಿತನ ಬರುತ್ತದಂತೆ. ಅಂದು ಸಂಜೆ ಕಾಫಿ ಲೋಟದ ಜೊತೆ ಮಾವನ ಕೈಗೆ ಒಬ್ಬ ಸೈನಿಕನನ್ನೂ ಇಟ್ಟಳು. ನಾನು ಅಲ್ಲೇ ಇದ್ದೆ.

"ಇದ್ಯಾಕೆ ಈಗ?" ಎಂದರು ಮಾವ. ಆದರೆ ಬೆರಳು ಆಗಲೇ ಚಲಿಸತೊಡಗಿತ್ತು. ಬೆನ್ನು, ಹೆಗಲು, ಗದ್ದ. "ಇವನ ಕಾಲಲ್ಲಿ ಚಪ್ಪಲೀನೂ ಇಲ್ವಲ್ಲ" ಎಂದರು. ಉಗುರಿನ ತುದಿ ಮುಖದ ಮೇಲೆ ನಿಂತಿತು. "ಬಾಯಿ ತೆರೆದಿದ್ದಾನೆ. ಯಾರನ್ನೋ ಕರೀತಾ ಇದ್ದಾನೆ." ಕಾಫಿ ಆರಿಹೋಯಿತು. ನೋಟವಿದ್ದ ದಿನಗಳಲ್ಲಿ ಆ ಬಾಯಿ ತೆರೆದಿದ್ದನ್ನು ಅವರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ.

ಅತ್ತೆ ಇಡೀ ಯುದ್ಧಭೂಮಿಯನ್ನು ಹೊಸದಾಗಿ ಕಟ್ಟಿದಳು, ಈ ಸಲ ಬೆರಳಿಗಾಗಿ. ಕಾಲಾಳುಗಳ ಪೀಠದ ಅಂಚು ನುಣುಪು, ಕುದುರೆಯವರದ್ದು ಗರಗಸದಂತೆ. ತಡವಿದರೆ ಬೀಳಬಾರದೆಂದು ಪೀಠಗಳ ಕೆಳಗೆ ಅಯಸ್ಕಾಂತ, ಮೇಜಿಗೆ ತಗಡು. ಈಟಿಗಳ ಮೊನೆ ಮೊಂಡಾಯಿತು. ಹೊಳೆಗೆ ಗಾಜು ಹಾಸಿದಳು. ಬೆರಳು ತಣ್ಣಗಾದರೆ ನೀರು ಬಂತೆಂದು ಅರ್ಥ. ಕಾಲಿಟ್ಟು ದಾಟಬಹುದಾದ ಕಡೆ ಗಾಜನ್ನು ಉಜ್ಜಿ ತರಿತರಿ ಮಾಡಿದಳು. ದಾಳದ ಚುಕ್ಕೆಗಳನ್ನು ಹಲ್ಲು ಕೊರೆಯುವ ಯಂತ್ರದಿಂದಲೇ ಆಳ ಮಾಡಿದಳು.

ಹೊಸ ಸೈನಿಕರಿಗೂ ಅವಳು ಬಣ್ಣ ಹಚ್ಚುತ್ತಿದ್ದುದು ಕಂಡು, "ಮಾವನಿಗೆ ಕಾಣಲ್ಲ, ಬಣ್ಣ ಯಾಕತ್ತೆ?" ಎಂದು ಕೇಳಿದೆ.

"ಅವರಿಗೆ ಕಾಣಲ್ಲ ಅಂತ ಇವರನ್ನ ಬೆತ್ತಲೆ ನಿಲ್ಲಿಸಕ್ಕಾಗತ್ತಾ?" ಎಂದಳು, ತಲೆ ಎತ್ತದೆ.

ಮೇಜು ಮನೆಯಲ್ಲಿ ಹಿಡಿಸದಷ್ಟು ಬೆಳೆದದ್ದರಿಂದ ಆಟವನ್ನು ಊರ ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ಹೂಡಬೇಕಾಯಿತು. ಸುದ್ದಿ ಹೇಗೋ ಹರಡಿ ಜನ ಸೇರಿದರು. ದಿನವೂ ಆ ಹೊಳೆಯ ಸೇತುವೆ ದಾಟಿ ಓಡಾಡುವವರೇ ಎಲ್ಲರೂ. ಮೇಜಿನ ಮುಂದೆ ಬಂದವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಒಂದು ದಡದಿಂದ ಇನ್ನೊಂದರವರೆಗೆ ದಂಡೋ ದಂಡು: ಗಾಯಾಳುವನ್ನು ಹೊತ್ತವರು, ಹೇಸರಗತ್ತೆಯ ಹಗ್ಗ ಜಗ್ಗುವ ಅಡುಗೆಯವನು, ಹಿಂದಿರುಗಿ ನೋಡುತ್ತಿರುವ ಬಾವುಟದವನು. ಮಾವ ಬೆಳಗ್ಗೆಯಿಂದ ಅದರ ಮೇಲೆ ಕೈಯಾಡಿಸಿ ಇಡೀ ಬಯಲನ್ನು ಮನಸ್ಸಿಗೆ ಇಳಿಸಿಕೊಂಡಿದ್ದರು. ಮುಳುಗಿದ ದಂಡೇ ಬೇಕೆಂದು ಕೇಳಿ ಪಡೆದದ್ದು ಅವರೇ.

ಗಡಿಯಾರದವನು ಕುದುರೆಗಳನ್ನು ಬಿಟ್ಟ. ಮಾವ ಇಡೀ ದಂಡನ್ನು ಒಟ್ಟಿಗೆ ನೀರಿಗಿಳಿಸುತ್ತಾರೆ ಎಂದು ಎಲ್ಲರೂ ಅಂದುಕೊಂಡೆವು. ಅವರ ಕೈ ಕೊನೆಯ ತುಕಡಿಯ ಮೇಲೆ ನಿಂತಿತು. "ಇವರು ದಾಟಲ್ಲ. ತಿರುಗಿ ನಿಲ್ಲಲಿ" ಎಂದರು.

"ಉಳಿಯಲ್ಲ ಕಣೋ ಇವರು."

"ಗೊತ್ತು. ನೀನು ದಾಳ ಹಾಕು."

ಕುದುರೆಗಳು ಮತ್ತೆ ಮತ್ತೆ ಬಂದು ಅಪ್ಪಳಿಸಿದವು. ಬಿದ್ದವರನ್ನು ಮಾವ ತಾವೇ ಎತ್ತಿ, ಒಬ್ಬೊಬ್ಬರನ್ನೂ ಒಂದು ಗಳಿಗೆ ಅಂಗೈಯಲ್ಲಿ ಹಿಡಿದು, ಪಕ್ಕದ ತಟ್ಟೆಯಲ್ಲಿ ಮಲಗಿಸುತ್ತಿದ್ದರು. ಅಷ್ಟರಲ್ಲಿ ಉಳಿದವರು ತರಿತರಿ ಗಾಜಿನ ಮೇಲೆ ಸಾಲಾಗಿ ದಾಟುತ್ತಿದ್ದರು. ಕೊನೆಯ ತುಕಡಿಯ ಕೊನೆಯವನು ಬೀಳುವ ಹೊತ್ತಿಗೆ ದಂಡಿನ ಬಹುಪಾಲು ಆಚೆ ದಡ ಸೇರಿತ್ತು.

ಬಯಲು ಗಡಿಯಾರದವನ ಕೈಸೇರಿದ್ದರಿಂದ ನಿಯಮದ ಪ್ರಕಾರ ಗೆಲುವು ಅವನದ್ದು. "ಗೆದ್ದವನು ನಾನು, ಎಲ್ರೂ ಕೈ ಕುಲುಕ್ತಾ ಇರೋದು ಇವನದ್ದು!" ಎಂದು ಅವನು ದೂರಿದ.

ಜನ ಕರಗಿದ ಮೇಲೆ ನಾವು ಸೈನಿಕರನ್ನು ಪೆಟ್ಟಿಗೆಗಳಿಗೆ ತುಂಬಿಸುತ್ತಿದ್ದೆವು. ಮಾವ ಒಂದು ಸಾಲಿನ ಬಳಿ ನಮ್ಮನ್ನು ತಡೆದರು. ಇಬ್ಬರು ಮೂವರನ್ನು ತಡವಿ ನೋಡಿ, "ಇವರನ್ನ ಮಾಡೋವಾಗ ನಿನ್ನ ಮನಸ್ಸು ಸರಿ ಇರ್ಲಿಲ್ಲ ಅಲ್ವಾ?" ಎಂದು ಅತ್ತೆಯನ್ನು ಕೇಳಿದರು. "ಅರ ಒತ್ತಿದ್ದು ಜಾಸ್ತಿಯಾಗಿದೆ."

ಅತ್ತೆ ಆ ಸೈನಿಕರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನನಗಂತೂ ಏನೂ ವ್ಯತ್ಯಾಸ ಕಾಣಲಿಲ್ಲ. "ನಮ್ಮಮ್ಮ ಆಸ್ಪತ್ರೆಯಲ್ಲಿದ್ದಳಲ್ಲ, ಆ ವಾರ ಮಾಡಿದ್ದು" ಎಂದಳು ಕೊನೆಗೆ. ಆಮೇಲೆ ಕುರ್ಚಿ ಎಳೆದುಕೊಂಡು ಮಾವನ ಎದುರು ಕೂತಳು. ನನ್ನನ್ನು ಬೆರಗಾಗಿಸುತ್ತಲೇ ಬಂದವಳು ಅಂದು ಗಂಡನ ಕೈಗಳನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

ಈಗ ಅತ್ತೆ ಕೆಲಸ ಬಿಟ್ಟಿದ್ದಾಳೆ. ಊಟದ ಮೇಜಿನ ಒಂದು ತುದಿಯಲ್ಲಿ ಅವಳು ಮೇಣ ಕೆತ್ತಿದರೆ ಇನ್ನೊಂದು ತುದಿಯಲ್ಲಿ ಮಾವ ಅದನ್ನು ತಿದ್ದಿ ನುಣುಪು ಮಾಡುತ್ತಾರೆ. ಮೊನ್ನೆ ಹೋದಾಗ ಒಂದು ಆನೆಯ ವಿಷಯಕ್ಕೆ ಜಗಳ ನಡೆದಿತ್ತು.

"ಕಿವಿ ದಪ್ಪ ಆಯ್ತು."

"ಸರಿಯಾಗೇ ಇದೆ ರೀ, ಚಿತ್ರ ನೋಡ್ಕೊಂಡೇ ಮಾಡಿದ್ದು."

"ಚಿತ್ರ ನೋಡಿ ಮಾಡಿದ್ದಕ್ಕೇ ದಪ್ಪ ಆಗಿದೆ. ತಾ ಇಲ್ಲಿ."

ಅತ್ತೆ ಗೊಣಗುತ್ತಲೇ ಆನೆಯನ್ನು ಅವರ ಅಂಗೈಗೆ ದಾಟಿಸಿದಳು.